ಗದ್ದೆಗೆ ಎರಡು ಸಲ ಕಳೆ ತೆಗೆಯುತ್ತೇವೆ, ಕೆರೆಗೆ? ಕೊಡಗು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಹಾಗೆಯೇ ಕೆರೆಗಳ ಮೇಲ್ಗಡೆ ತೋಟ, ಮನೆ, ಹೋಂಸ್ಟೇ ಮಾಡಿಕೊಂಡಿರುವ ನಮ್ಮ ನೆರೆಹೊರೆಯವರಿಗೆ,

ನಮಸ್ಕಾರ.

ನಾನು ಸೋಮವಾರಪೇಟೆ ತಾಲ್ಲೂಕಿನ ಒಬ್ಬ ಸಣ್ಣ ಕಾಫಿ ಬೆಳೆಗಾರ್ತಿ. ನಾಲ್ಕು ಎಕರೆ ತೋಟ, ತೋಟದ ಕೆಳಗೆ ಒಂದು ತುಂಡು ಗದ್ದೆ, ಗದ್ದೆಯ ತಲೆಗೆ ಊರ ಕೆರೆ. ಎರಡು ವರ್ಷದಿಂದ ಊರಿನ ಕೆಲವರು ಸೇರಿ ಭಾನುವಾರ ಬೆಳಿಗ್ಗೆ ಈ ಕೆರೆಯಲ್ಲಿ ತೇಲುವ ಕಳೆಯಾದ ಅಂತರಗಂಗೆ (ವಾಟರ್ ಹಯಸಿಂತ್) ಎಳೆಯುತ್ತಿದ್ದೇವೆ, ಏರಿಯ ಮೇಲಿನ ಲಂಟಾನ ಪೊದೆ ಕೀಳುತ್ತಿದ್ದೇವೆ. ನಮ್ಮದು ನೋಂದಾಯಿಸಿದ ಸಂಘವಲ್ಲ. ತೋಟದ ಕೆಲಸಕ್ಕೆ ಹೋಗುವ ಹೆಂಗಸರು, ಇಬ್ಬರು ಆಟೋದವರು, ಹೈಸ್ಕೂಲಿನ ಮಕ್ಕಳು, ಸ್ತ್ರೀಶಕ್ತಿ ಗುಂಪಿನ ಅಕ್ಕಂದಿರು, ರಜೆಗೆ ಊರಿಗೆ ಬಂದ ಬೆಂಗಳೂರಿನ ಹುಡುಗರು, ಹೀಗೆ ಯಾರು ಬಂದರೆ ಅವರು. ಅವರೆಲ್ಲರ ಪರವಾಗಿ ತಮ್ಮಲ್ಲಿ ಒಂದೇ ಕೋರಿಕೆ. ಕೆರೆಯ ಕಳೆ ತೆಗೆಯುವುದನ್ನು ಒಂದು ಸಲದ ಕಾಮಗಾರಿ ಎಂದು ನೋಡುವುದನ್ನು ನಿಲ್ಲಿಸಿ. ಗದ್ದೆಯ ಕಳೆಯ ಹಾಗೆ ವರ್ಷಾವರ್ಷ ಮಾಡಬೇಕಾದ ಬೇಸಾಯದ ಕೆಲಸವೆಂದು ಲೆಕ್ಕಕ್ಕೆ ತೆಗೆದುಕೊಳ್ಳಿ.

ಇದು ನಮಗೆ ತಿಳಿದದ್ದು ಒಂದು ರಾತ್ರಿ. ನಾಲ್ಕು ಮಳೆಗಾಲದ ಹಿಂದೆ ಆಶ್ಲೇಷಾ ಮಳೆ ಬಿಡದೆ ಹೊಯ್ಯುತ್ತಿತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ಕೆರೆ ಕೆಳಗಿನ ಮನೆಯ ಅಜ್ಜಿ ಮೊಮ್ಮಗನ ಕೈಲಿ ಫೋನ್ ಮಾಡಿಸಿದರು. "ಕೋಡಿ ಸದ್ದೇ ಕೇಳ್ತಿಲ್ಲ ಕಣವ್ವ, ಏನೋ ಆಗಿದೆ" ಎಂದರು. ಅಂಥ ಮಳೆಯಲ್ಲಿ, ಕೆರೆಯ ಹೆಚ್ಚಾದ ನೀರು ಹೊರಬೀಳುವ ಕೋಡಿ ಭೋರ್ಗರೆಯಬೇಕು. ನಾವು ಹೋಗಿ ಟಾರ್ಚ್ ಬಿಟ್ಟರೆ ಕೋಡಿಯೇ ಕಾಣಲಿಲ್ಲ. ಕೆರೆಯ ಮೇಲಿದ್ದ ಅಂತರಗಂಗೆಯೆಲ್ಲ ಗಾಳಿಗೆ ತೇಲಿ ಬಂದು ಕೋಡಿಯ ಬಾಯಿಗೆ ಚಾಪೆ ಹೊದಿಸಿದ ಹಾಗೆ ಕೂತಿತ್ತು. ನೀರು ಏರಿಯ ತಲೆ ಮುಟ್ಟಲು ಒಂದು ಗೇಣು ಬಾಕಿ. 2018ರ ಆಗಸ್ಟ್ ಕಂಡ ಕೊಡಗಿನವರಿಗೆ ಮಳೆಗಾಲದ ರಾತ್ರಿಯಲ್ಲಿ ಒಂದು ಗೇಣು ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ನಾಲ್ಕು ಜನ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಕತ್ತಿಯಲ್ಲಿ ಕಡಿದರೆ ಹಿಂದಿನ ಗಿಡ ಒತ್ತಿ ಬಂದು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಕೊನೆಗೆ ಮೆಣಸು ಕೊಯ್ಯುವ ಬಿದಿರಿನ ಏಣಿಯನ್ನು ಅಡ್ಡ ಕೊಟ್ಟು ಚಾಪೆಯನ್ನು ತಡೆದು, ಮುಂದಿನದನ್ನು ತುಂಡು ತುಂಡಾಗಿ ಕೆಳಗೆ ದೂಡಿದರು. ಬೆಳಗಿನ ಜಾವ ಮೂರಕ್ಕೆ ಕೋಡಿ ಬಿಟ್ಟಿತು. ಆ ಸದ್ದು ಕೇಳಿದ ಮೇಲೆಯೇ ಅಜ್ಜಿ ಒಳಗೆ ಹೋಗಿ ಮಲಗಿದ್ದು.

ಅಲ್ಲಿಯವರೆಗೆ ನಮಗೆ ಅಂತರಗಂಗೆ ಎಂದರೆ ಚಂದದ ನೇರಳೆ ಹೂವು. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡವರಲ್ಲಿ ನಾನೂ ಒಬ್ಬಳು. ಆಮೇಲೆ ಅದನ್ನು ಕೈಯಲ್ಲಿ ಹಿಡಿದು ನೋಡಿದೆ. ಎಲೆಯ ತೊಟ್ಟು ಸಣ್ಣ ಬದನೆಕಾಯಿಯ ಹಾಗೆ ಉಬ್ಬಿರುತ್ತದೆ. ಬೆರಳಲ್ಲಿ ಒತ್ತಿದರೆ ಪಟ್ಟೆಂದು ಒಡೆಯುತ್ತದೆ, ಒಳಗೆ ಬರೀ ಗಾಳಿ ತುಂಬಿದ ಬೆಂಡು. ಗಿಡ ತೇಲುವುದು ಇದರಿಂದ. ಕೆಳಗೆ ಕಪ್ಪು ನೇರಳೆ ಬಣ್ಣದ ಬೇರು, ಒದ್ದೆ ಕೂದಲಿನ ಹಾಗೆ ಜೋತುಬಿದ್ದಿರುತ್ತದೆ. ಪಕ್ಕಕ್ಕೆ ಹೊಕ್ಕುಳಬಳ್ಳಿಯಂಥ ಒಂದು ಕುಡಿ, ಕುಡಿಯ ತುದಿಯಲ್ಲಿ ಮರಿ, ಆ ಮರಿಗೆ ಆಗಲೇ ಇನ್ನೊಂದು ಕುಡಿ. ಹೂ ಬಾಡಿದ ಮೇಲೆ ದಂಟು ತಾನಾಗಿ ಬಾಗಿ ನೀರಿಗೆ ತಲೆ ಮುಳುಗಿಸುತ್ತದೆ. ಬೀಜ ಕೆಸರಿಗೆ ಇಳಿಯುತ್ತದೆ. ಆ ಬೀಜ ಕೆಸರಿನಲ್ಲಿ ಹದಿನೈದು ಇಪ್ಪತ್ತು ವರ್ಷ ಜೀವ ಹಿಡಿದುಕೊಂಡಿರಬಲ್ಲದು.

ಬಿಸಿಲೂ ಗೊಬ್ಬರದ ನೀರೂ ಸಿಕ್ಕರೆ ಈ ಗಿಡ ಎರಡು ವಾರದೊಳಗೆ ಇದ್ದದ್ದರ ಇಮ್ಮಡಿಯಾಗುತ್ತದೆ. ಒಂದು ಮೂಲೆಯಲ್ಲಿ 10 ಗಿಡ ಬಿಟ್ಟೆವು ಎಂದುಕೊಳ್ಳಿ. ಎರಡು ವಾರಕ್ಕೊಮ್ಮೆ ಇಮ್ಮಡಿಯಾದರೆ ಐದು ತಿಂಗಳಿಗೆ ಅದು 10,000 ದಾಟುತ್ತದೆ. ಏಪ್ರಿಲ್‌ನಲ್ಲಿ ಸ್ವಚ್ಛವಾದ ಕೆರೆ ಗೌರಿ ಹಬ್ಬಕ್ಕೆ ಬಾಗಿನ ಬಿಡಲು ಹೋಗುವ ಹೊತ್ತಿಗೆ ಮತ್ತೆ ಹಸಿರಾಗುವ ಗುಟ್ಟು ಇಷ್ಟೇ.

ಅಮೆಜಾನ್ ನದಿಯ ಸೀಮೆಯ ಈ ಗಿಡ ಹತ್ತೊಂಬತ್ತನೇ ಶತಮಾನದ ಕೊನೆಗೆ ಬಂಗಾಳಕ್ಕೆ ಬಂತು, ಹೂವಿನ ಚಂದಕ್ಕೆಂದೇ. ಅಲ್ಲಿನ ಹೊಳೆ, ಗದ್ದೆಗಳನ್ನು ಅದು ಎಷ್ಟು ಕಾಡಿತೆಂದರೆ 1936ರಲ್ಲಿ ಬಂಗಾಳದಲ್ಲಿ ಇದೊಂದೇ ಗಿಡಕ್ಕಾಗಿ ಒಂದು ಕಾನೂನು ಮಾಡಬೇಕಾಯಿತು. ತನ್ನ ಜಾಗದಲ್ಲಿ ಬೆಳೆದ ಅಂತರಗಂಗೆಯನ್ನು ತೆಗೆಯುವ ಹೊಣೆ ಜಾಗ ಅನುಭವಿಸುವವನದ್ದು ಎಂದು ಆ ಕಾನೂನು ಹೇಳಿತು. ಇಷ್ಟು ಹಳೆಯ ಶತ್ರುವಿನ ಜೊತೆ ನಾವು ಒಂದು ವಾರದ ಜೆಸಿಬಿ ಬಾಡಿಗೆಯಲ್ಲಿ ಲೆಕ್ಕ ತೀರಿಸಲು ಹೊರಟಿದ್ದೇವೆ ಎಂಬುದೇ ನನ್ನ ಸಂಕಟ.

ಯಾಕೆಂದರೆ ಆ ರಾತ್ರಿಯ ಮುಂದಿನ ಬೇಸಿಗೆಗೆ ನಮ್ಮ ಕೆರೆಗೂ ಕಾಮಗಾರಿ ಬಂತು. ಯಾವ ಕಚೇರಿ, ಯಾರ ಗುತ್ತಿಗೆ ಎಂಬ ಮಾತು ಇಲ್ಲಿ ಬೇಡ. ಎರಡು ಜೆಸಿಬಿ ಬಂದವು, ಆರು ದಿನ ಕೆಲಸ ಮಾಡಿದವು. ಕೆರೆಯ ಹಸಿರನ್ನೆಲ್ಲ ಬಾಚಿ ಏರಿಯ ಒಳಮೈ ಮೇಲೆಯೇ ರಾಶಿ ಹಾಕಿದರು. ದಡದಲ್ಲಿದ್ದ ಆಪು ಹುಲ್ಲು, ಕೇದಗೆ, ನಮ್ಮ ಹೆಂಗಸರು ಪತ್ರೊಡೆಗೆ ಕುಯ್ಯುತ್ತಿದ್ದ ಕೆಸ, ಎಲ್ಲವೂ ಅದೇ ರಾಶಿಗೆ ಹೋಯಿತು. ಮೇ ತಿಂಗಳ ಎರಡು ದೊಡ್ಡ ಮಳೆಗೆ ರಾಶಿಯ ಅರ್ಧ ಮತ್ತೆ ಕೆರೆಗೆ ಜಾರಿತು. ದಡ ಬೋಳಾಗಿತ್ತಲ್ಲ, ಮಣ್ಣೂ ಜೊತೆಗೆ ಇಳಿಯಿತು. ಚಕ್ರದಡಿ ಸಿಕ್ಕಿ ಮುರಿದ ಲಂಟಾನ ಬುಡಬುಡದಲ್ಲೂ ಹತ್ತು ಹತ್ತು ಚಿಗುರು ಒಡೆಯಿತು. ಕೇಳಲು ಹೋದಾಗ ಒಂದು ಕಚೇರಿಯವರು ಕಾಮಗಾರಿ ಪೂರ್ಣಗೊಂಡಿದೆ ಎಂದು ಕಡತ ತೋರಿಸಿದರು. ಕಡತದಲ್ಲಿದ್ದ ಫೋಟೋ ನಿಜವಾದದ್ದೇ. ತೆಗೆದ ದಿನ ಕೆರೆ ಹಾಗೆಯೇ ಇತ್ತು. ಅವರು ಸುಳ್ಳು ಹೇಳಲಿಲ್ಲ. ಆದರೆ ಸೆಪ್ಟೆಂಬರ್‌ನಲ್ಲಿ ಮತ್ತೆ ಬಂದು ನೋಡಬೇಕು ಎಂದು ಆ ಕಡತದಲ್ಲಿ ಎಲ್ಲೂ ಬರೆದಿರಲಿಲ್ಲ.

ಆ ವರ್ಷದ ನವೆಂಬರ್‌ನಲ್ಲಿ ನಾವು ಕೈಹಾಕಿದೆವು.

ಮೊದಮೊದಲು ನಾವೂ ತಪ್ಪು ಮಾಡಿದೆವು. ಸಿಕ್ಕಸಿಕ್ಕಲ್ಲಿ ಎಳೆದೆವು. ಒಂದು ಕಡೆ ತೆರವಾದರೆ ಗಾಳಿ ಇನ್ನೊಂದು ಕಡೆಯದನ್ನು ತಂದು ತುಂಬುತ್ತಿತ್ತು. ಆಮೇಲೆ ಒಬ್ಬರು ಹಳೆಯ ಅಡಿಕೆ ಮರದ ದಬ್ಬೆಗಳನ್ನು ನೈಲಾನ್ ಹಗ್ಗಕ್ಕೆ ಪೋಣಿಸಿ ತೇಲುಬೇಲಿ ಮಾಡಿದರು. ಅದನ್ನು ಕೆರೆಗೆ ಅಡ್ಡ ಕಟ್ಟಿ ಒಂದೊಂದೇ ಪಾಲು ತೆಗೆಯುತ್ತೇವೆ. ತೆಗೆದ ಪಾಲಿಗೆ ಬೇಲಿ ದಾಟಿ ಒಂದು ಗಿಡವೂ ಬರಬಾರದು. ನೀರಿಗಿಳಿಯುವವರು ಈಜು ಬಲ್ಲವರು ಮಾತ್ರ, ಸೊಂಟದ ಮಟ್ಟ ಮೀರುವಂತಿಲ್ಲ, ಹಗ್ಗ ಕಡ್ಡಾಯ. ಮಕ್ಕಳದು ದಡದ ಕೆಲಸ. ಹೊರಡುವ ಮೊದಲು ಆನೆ ಎಲ್ಲಿದೆ ಎಂದು ವಿಚಾರಿಸಿಕೊಳ್ಳುತ್ತೇವೆ. ಲಂಟಾನ ಪೊದೆಯ ಆ ಬದಿಯಲ್ಲಿ ಆನೆ ನಿಂತಿದ್ದರೂ ಈ ಬದಿಯವರಿಗೆ ತಿಳಿಯುವುದಿಲ್ಲ. ಪೊದೆ ತೆಗೆಯಲು ನಮ್ಮ ಹೆಂಗಸರು ಅಷ್ಟು ಹುರುಪಿನಿಂದ ಬರುವುದಕ್ಕೆ ಅದೇ ಕಾರಣ. ಕೆಲಸಕ್ಕೆ ಹೋಗುವ ದಾರಿ ಕಣ್ಣಿಗೆ ಕಾಣಬೇಕು.

ಎಳೆದ ಗಿಡವನ್ನು ತಕ್ಷಣ ಸಾಗಿಸುವುದಿಲ್ಲ. ಬೇರು ಜಾಡಿಸಿದರೆ ಕಡಲೆಕಾಳಿನಷ್ಟು ಬಸವನಹುಳು, ಮೀನಿನ ಮರಿ, ಸಣ್ಣ ಸೀಗಡಿ ಉದುರುತ್ತವೆ. ಮೊದಲ ದಿನ ಅವನ್ನು ಕಂಡ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಒಂದೊಂದನ್ನೇ ಹೆಕ್ಕಿ ನೀರಿಗೆ ಬಿಡುತ್ತಾ ಮಧ್ಯಾಹ್ನದವರೆಗೆ ಕೂತಳು. ಅಂದಿನಿಂದ ಗಿಡವನ್ನು ನೀರಿನಲ್ಲೇ ಚೆನ್ನಾಗಿ ಜಾಡಿಸುತ್ತೇವೆ, ಒಂದು ರಾತ್ರಿ ದಡದಲ್ಲೇ ಬಿಡುತ್ತೇವೆ. ಉಳಿದ ಜೀವಗಳು ನೀರಿಗೆ ಮರಳಲಿ ಎಂದು. ಇನ್ನೊಂದು ಲಾಭವೂ ಇದೆ. ಈ ಗಿಡದ ತೂಕದಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ನೀರು. ಹಸಿಯಾಗಿ ಹೊತ್ತರೆ ನೀರು ಹೊತ್ತ ಹಾಗೆ. ಬಿಸಿಲಿಗೆ ಒಣಗಿಸಿದರೆ ಒಂದು ಟ್ರ್ಯಾಕ್ಟರ್ ಲೋಡು ಕೆಲವೇ ತಲೆಹೊರೆಗೆ ಇಳಿಯುತ್ತದೆ. ಆಮೇಲೆ ಸಗಣಿ ನೀರು, ಕಾಫಿ ಸಿಪ್ಪೆ ಸೇರಿಸಿ ಗೊಬ್ಬರ. ಬೀಜ ಕಟ್ಟಿದ್ದನ್ನು ಮಾತ್ರ ಗುಂಡಿಗೆ ಹಾಕುವುದಿಲ್ಲ.

ಲಂಟಾನದ್ದು ಬೇರೆಯೇ ವಿದ್ಯೆ. ಕಡಿದರೆ ಅದಕ್ಕೆ ಖುಷಿ, ಸುಟ್ಟರೆ ಇನ್ನೂ ಖುಷಿ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರ ತಂಡ ಕಾರ್ಬೆಟ್ ಕಾಡಿನಲ್ಲಿ ಮಾಡಿ ತೋರಿಸಿದ ಒಂದು ಸುಲಭ ವಿಧಾನವಿದೆ. ಪೊದೆಯ ಬುಡದ ಮಣ್ಣು ಕೊಂಚ ಬಿಡಿಸಿ, ತಾಯಿಬೇರನ್ನು ನೆಲದಿಂದ ಸ್ವಲ್ಪ ಕೆಳಗೆ, ಚಿಗುರೊಡೆಯುವ ಭಾಗದ ಅಡಿಯಲ್ಲಿ ಕಡಿದು, ಇಡೀ ಪೊದೆಯನ್ನು ತಲೆಕೆಳಗಾಗಿ ಮಗುಚಿಡುವುದು. ಮಣ್ಣು ತಾಗದ ಬುಡ ಅಲ್ಲೇ ಒಣಗುತ್ತದೆ. ಒಂದು ಪಿಕಾಸಿ, ಇಬ್ಬರು ಆಳು ಸಾಕು. ಏರಿಯ ಮಣ್ಣೂ ಹೆಚ್ಚು ಅಲುಗುವುದಿಲ್ಲ. ಕಿತ್ತ ಕಡ್ಡಿಯೂ ದಂಡವಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಿಂದ ಕುರ್ಚಿ, ಮೇಜು ಮಾಡುತ್ತಾರೆ. ಗೂಡಲೂರು ಕಡೆಯ ಬೆಟ್ಟಕುರುಬರು, ಪಣಿಯರು ಅದೇ ಕಡ್ಡಿಯಲ್ಲಿ ನಿಜ ಗಾತ್ರದ ಆನೆಗಳನ್ನು ಕಟ್ಟಿ, 2021ರಲ್ಲಿ ಅವು ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. ನಮ್ಮ ಆದಿವಾಸಿ ಹಾಡಿಗಳಲ್ಲೂ ಬೆತ್ತ, ಬಿದಿರು ಬಲ್ಲ ಕೈಗಳಿವೆ.

ಯಾವುದನ್ನು ತೆಗೆಯಬೇಕು ಎನ್ನುವಷ್ಟೇ ಯಾವುದನ್ನು ಬಿಡಬೇಕು ಎನ್ನುವುದೂ ಮುಖ್ಯ. ಅದು ಯಂತ್ರಕ್ಕೆ ತಿಳಿಯುವುದಿಲ್ಲ. ನಮ್ಮ ಕೆರೆಯ ಅಂಚಿನಲ್ಲಿ ಹೊನಗೊನೆ ಸೊಪ್ಪು ಇದೆ, ಅದರ ದಾಯಾದಿಯಂಥ ಇನ್ನೊಂದು ಕಳೆಯೂ ಇದೆ. ದಕ್ಷಿಣ ಅಮೆರಿಕದಿಂದ ಬಂದ ಅದನ್ನು ಇಂಗ್ಲಿಷ್‌ನಲ್ಲಿ ಅಲಿಗೇಟರ್ ವೀಡ್ ಎನ್ನುತ್ತಾರೆ. ಎಲೆ ನೋಡಿದರೆ ಮೋಸ ಹೋಗುತ್ತೀರಿ. ಹೊನಗೊನೆಯ ಬಿಳಿ ಹೂ ಗಂಟಿಗೆ ಅಂಟಿಕೊಂಡೇ ಕೂತಿರುತ್ತದೆ. ಕಳೆಯ ಹೂವಿಗೆ ಉದ್ದ ತೊಟ್ಟು ಇರುತ್ತದೆ, ಅದರ ಕಾಂಡ ಮುರಿದರೆ ಒಳಗೆ ಟೊಳ್ಳು. ಸೊಪ್ಪು ಕುಯ್ದು ಅಭ್ಯಾಸವಿದ್ದ ಅಕ್ಕಂದಿರು ಇದನ್ನು ಒಂದೇ ದಿನದಲ್ಲಿ ಹಿಡಿದರು. ಆ ಕಳೆಯ ಒಂದು ಗೆಣ್ಣು ಉಳಿದರೂ ಮತ್ತೆ ಬೇರು ಬಿಡುತ್ತದೆ, ಆದ್ದರಿಂದ ಅದನ್ನು ಟಾರ್ಪಾಲಿನ ಮೇಲೆ ಹಾಕಿ ಗರಿಗರಿ ಒಣಗಿಸುತ್ತೇವೆ. ಇಂಥ ಕಣ್ಣು ಇರುವವರಿಗೆ ಈ ಕೆಲಸದಲ್ಲಿ ಕೂಲಿ ಸಿಗಬೇಕು ಎಂಬುದು ನನ್ನ ಮನಸ್ಸಿನಲ್ಲಿರುವ ದೊಡ್ಡ ಮಾತು. ಭಾನುವಾರ ಪುಕ್ಕಟೆ ದುಡಿದು ಸೋಮವಾರ ಕೂಲಿಗೆ ಹೋಗುವವರ ಉತ್ಸಾಹದ ಮೇಲೆ ಎಷ್ಟು ವರ್ಷ ಒಂದು ಕೆರೆಯನ್ನು ನಡೆಸಬಹುದು?

ಮಳೆಗಾಲದಲ್ಲಿ ನಾವು ಕೋಡಿ, ತೂಬಿನ ಸುತ್ತ ಬಿಟ್ಟು ಬೇರೆಲ್ಲೂ ಕೈಹಾಕುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇವನಕ್ಕಿ ಎಂಬ ನೀರುಹಕ್ಕಿ ತೇಲುವ ಗಿಡದ ಮೇಲೆಯೇ ಮೊಟ್ಟೆ ಇಡುತ್ತದೆ. ಪಾಪ, ಅದಕ್ಕೆ ತಾವರೆ ಎಲೆ ಸಿಕ್ಕದೆ ಅಂತರಗಂಗೆಯ ಮೇಲೆ ಇಟ್ಟರೆ ತಪ್ಪು ಅದರದ್ದಲ್ಲ. ಫೆಬ್ರವರಿಯಿಂದ ಮೇವರೆಗೆ, ನೀರು ಇಳಿದು ದಡ ಗಟ್ಟಿಯಾಗಿರುವಾಗ ಕೆಲಸ ಬಿರುಸು. ಸರ್ಕಾರದ ಹಣ ಬರುವುದು ಮಾರ್ಚ್ ಕೊನೆಗೆ, ಕೆಲಸ ಆಗುವುದು ಮಳೆ ಬರುವಾಗ. ಈ ಹೊಂದಾಣಿಕೆಯನ್ನಾದರೂ ತಾವು ಸರಿಮಾಡಬಹುದು.

ಈಗ ನೆರೆಹೊರೆಯವರೇ, ನಿಮಗೆ. ನಾವು ಕೆಳಗೆ ಎಷ್ಟು ಎಳೆದರೂ ಮೇಲಿನಿಂದ ಊಟ ಬರುತ್ತಲೇ ಇದ್ದರೆ ಗಿಡ ಸಾಯುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರು ಹಳ್ಳಕ್ಕೆ ಇಳಿದ ದಿನ ಮೂಗಿಗೇ ಗೊತ್ತಾಗುತ್ತದೆ. ಆ ನೀರು ಹುಳಿ, ಹಳ್ಳದ ಉಸಿರನ್ನೇ ಹೀರುತ್ತದೆ, ಮೀನು ಮೇಲೆ ತೇಲುತ್ತದೆ. ತೋಟಕ್ಕೆ ಹಾಕಿದ ಯೂರಿಯಾ ಮೊದಲ ಮಳೆಗೆ ತೊಳೆದುಹೋದರೆ ಅದು ಸೇರುವುದೂ ಕೆರೆಗೇ. ಹೋಂಸ್ಟೇಯ ಶೌಚದ ಗುಂಡಿ ತುಂಬಿ ಹರಿದರೂ ಅಲ್ಲಿಗೇ. ಇದು ನನಗೂ ಸೇರಿದ ಮಾತು. ನಾನೂ ಗೊಬ್ಬರವನ್ನು ಒಮ್ಮೆಗೇ ಸುರಿಯುವುದನ್ನು ಬಿಟ್ಟು ಮೂರು ಕಂತು ಮಾಡಿದ್ದೇನೆ, ಹಳ್ಳದ ಬದಿಯ ಎರಡು ಸಾಲಿಗೆ ಹಾಕುವುದನ್ನೇ ನಿಲ್ಲಿಸಿದ್ದೇನೆ. ನಿಮ್ಮ ಖಾಸಗಿ ತೋಟದ ಕೆರೆಯಲ್ಲಿ ಅಂತರಗಂಗೆ ಇದ್ದರೆ ಅದರ ಕೋಡಿಗೆ ಒಂದು ಬಲೆಯನ್ನಾದರೂ ಕಟ್ಟಿ. ಗೇಟಿನ ಪಕ್ಕ ಹಳದಿ ಹೂವಿನ ವೆಡೇಲಿಯಾ ಹಬ್ಬಿಸಿದ್ದರೆ ದಯವಿಟ್ಟು ಕಿತ್ತುಹಾಕಿ. ಅದು ಈಗ ರಸ್ತೆ ಚರಂಡಿಗುಂಟ ಇಳಿದು ಕೆರೆಯ ಅಂಗಳಕ್ಕೆ ಬಂದಿದೆ. ನಮ್ಮ ಕೆರೆಯ ಕೋಡಿ ನೀರು ಹಳ್ಳ ಸೇರಿ, ಹಳ್ಳ ಹಾರಂಗಿ ಸೇರಿ, ಹಾರಂಗಿ ಕೂಡಿಗೆಯಲ್ಲಿ ಕಾವೇರಿ ಸೇರುತ್ತದೆ. ಆ ರಾತ್ರಿ ಪ್ರಾಣಭಯದಲ್ಲಿ ನಾವು ಕೆಳಗೆ ದೂಡಿದ ಗಿಡಗಳೂ ಅದೇ ದಾರಿ ಹಿಡಿದಿವೆ. ಅದನ್ನು ನೆನೆದರೆ ಇಂದಿಗೂ ನನಗೆ ಕಸಿವಿಸಿಯಾಗುತ್ತದೆ.

ಜಿಲ್ಲಾಧಿಕಾರಿಗಳೇ, ಕಳೆನಾಶಕ ಹೊಡೆದರೆ ಎರಡೇ ದಿನದ ಕೆಲಸ ಎಂದು ಹೇಳುವವರು ತಮ್ಮ ಬಳಿಯೂ ಬಂದಾರು. ದಯವಿಟ್ಟು ಒಪ್ಪಬೇಡಿ. ಹೊಡೆದ ಗಿಡ ಮಾಯವಾಗುವುದಿಲ್ಲ, ಕೊಳೆತು ತಳ ಸೇರುತ್ತದೆ. ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನು ಸಾಯುತ್ತದೆ. ತಳದ ಗೊಬ್ಬರ ಮುಂದಿನ ಬೆಳೆಗೆ ಮೀಸಲು. ಈ ನೀರು ದನ ಕುಡಿಯುತ್ತದೆ, ಬೇಸಿಗೆಯಲ್ಲಿ ತೋಟದ ಆಳುಗಳ ಲೈನ್ ಮನೆಯವರು ಬಟ್ಟೆ ಒಗೆಯುತ್ತಾರೆ. ಔಷಧಿಗಿಂತ ನಂಬಿಕೆಯ ದಾರಿ ಇನ್ನೊಂದಿದೆ. ಅಂತರಗಂಗೆಯನ್ನೇ ತಿಂದು ಬದುಕುವ ನಿಯೋಕೆಟಿನಾ ಎಂಬ ಸಣ್ಣ ಮೂತಿಹುಳುಗಳನ್ನು 1980ರ ದಶಕದಲ್ಲೇ ಬೆಂಗಳೂರಿನ ಕೆರೆಗಳಿಗೆ ಬಿಟ್ಟು ಪರೀಕ್ಷಿಸಿದ್ದಾರೆ. ಹುಳು ನಿಧಾನಿ, ವರ್ಷಗಳೇ ಬೇಕು. ಆದರೆ ಅದು ರಜೆ ಹಾಕುವುದಿಲ್ಲ. ಅದರ ಬಗ್ಗೆ ಬಲ್ಲ ರಾಷ್ಟ್ರೀಯ ಸಂಸ್ಥೆ ಬೆಂಗಳೂರಿನ ಹೆಬ್ಬಾಳದಲ್ಲೇ ಇದೆ. ನಮ್ಮ ಜಿಲ್ಲೆಯಲ್ಲೇ ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಯಾವ ಕೆರೆಯಲ್ಲಿ ಯಾವ ಕಳೆ ಎಷ್ಟಿದೆ ಎಂದು ಒಮ್ಮೆ ನೋಡಿ ಬರೆಯಲು ಅಲ್ಲಿನ ವಿದ್ಯಾರ್ಥಿಗಳಿಗೆ ತಾವು ಹೇಳಿದರೆ, ಪ್ರತಿ ಊರಿನಲ್ಲೂ ಅವರಿಗೆ ಊಟ ಹಾಕಿ ಕೆರೆ ಸುತ್ತಿಸುವವರು ಸಿಗುತ್ತಾರೆ.

40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ, ಅಂದರೆ ಅಷ್ಟು ಜಮೀನಿಗೆ ನೀರುಣಿಸುವ, ಕೆರೆ ಪಂಚಾಯತ್ ವ್ಯವಸ್ಥೆಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿಗೆ ಎಂದು ನಾವೂ ಕಲಿತಿದ್ದೇವೆ. ಕೆರೆ ಅಂಗಳದ ಅಳತೆ ಕಂದಾಯದವರದ್ದು, ಮೀನಿನ ಮಾತು ಬಂದರೆ ಇನ್ನೊಬ್ಬರು, ಕೂಲಿಯ ಮಾತು ಬಂದರೆ ಉದ್ಯೋಗ ಖಾತ್ರಿಯವರು. ಇವರನ್ನೆಲ್ಲ ಒಟ್ಟಿಗೆ ಕೂರಿಸಿ ಮಾತಾಡಿಸಬಲ್ಲವರು ತಾವು ಎಂದೇ ತಮಗೆ ಬರೆಯುತ್ತಿದ್ದೇನೆ. ಪ್ರತಿ ಕೆರೆಗೆ ಹೊಣೆಗಾರರಾದ ಒಬ್ಬ ನೌಕರರ ಹೆಸರು ಇರಲಿ. ಊರಿನವರು ಕಳೆ ತೆಗೆಯಲು ಒಂದು ಲಿಖಿತ ಅನುಮತಿ ಇರಲಿ. ಈಗ ನಾವು ಏರಿಗೆ ಪಿಕಾಸಿ ಹಾಕಿದರೆ ಯಾರು ಬೇಕಾದರೂ ತಡೆಯಬಹುದು. ಒಂದು ಸಲದ ದೊಡ್ಡ ಮೊತ್ತವನ್ನು ಒಡೆದು, ಐದು ವರ್ಷ, ವರ್ಷಕ್ಕೆ ಇಷ್ಟು ಮಾನವ ದಿನ ಎಂದು ಸ್ಥಳೀಯ ಹೆಂಗಸರ ಗುಂಪಿಗೆ ಕೊಡಲು ನಿಯಮದಲ್ಲಿ ದಾರಿ ಹುಡುಕಿ. ಬಿಲ್ಲಿಗೆ ಬೇಕಾದ ಫೋಟೋ ಮೇ ತಿಂಗಳದ್ದಾಗುವ ಬದಲು ಸೆಪ್ಟೆಂಬರ್‌ನದ್ದಾಗಲಿ.

ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಗೆ ಪ್ರತಿ ಗೌರಿ ಹಬ್ಬಕ್ಕೆ ನನ್ನ ತಾಯಿ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ನೀರು ಬಾರದ ಕೆರೆಗೆ ತನ್ನನ್ನೇ ಕೊಟ್ಟ ಹೊನ್ನಮ್ಮನ ಕಥೆ ಕೇಳಿ ಚಿಕ್ಕಂದಿನಲ್ಲಿ ನನಗೆ ಅಳು ಬರುತ್ತಿತ್ತು, ಈಗಲೂ ಬರುತ್ತದೆ. ಇಂದು ನಮ್ಮ ಕೆರೆ ಕೇಳುತ್ತಿರುವುದು ವಾರಕ್ಕೆ ಮೂರು ಗಂಟೆ, ಮತ್ತು ಒಂದು ಆದೇಶದ ಪ್ರತಿ.

ಸದ್ಯಕ್ಕೆ ಅತಿ ಜರೂರಾದ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಎಳೆದ ಗಿಡ ಒಣಹಾಕಲು ನಮಗೆ ಜಾಗವಿಲ್ಲ. ಏರಿಯ ಮೇಲೆ ಹಾಕಬಾರದು, ಗದ್ದೆ ಮಾಡುವವರು ಗದ್ದೆಯಲ್ಲಿ ಬಿಡುವುದಿಲ್ಲ. ಕೆರೆಯ ಪಡುವಣಕ್ಕೆ, ಕೋಡಿಗಿಂತ ಎತ್ತರದಲ್ಲಿ ಸುಮಾರು ಹತ್ತು ಸೆಂಟು ಸರ್ಕಾರಿ ಬೀಳು ಇದೆ. ಸರ್ವೆ ನಂಬರ್ ಸಹಿತ ಅರ್ಜಿಯನ್ನು ಪಂಚಾಯಿತಿಗೆ ಕೊಟ್ಟಿದ್ದೇವೆ, ಅದರ ಪ್ರತಿ ತಮ್ಮ ಕಚೇರಿಗೂ ಬಂದಿದೆ. ಕಾಫಿ ಹೂ ಅರಳಿಸುವ ಹೂಮಳೆ ಬೀಳುವುದರೊಳಗೆ ಆ ಜಾಗದಲ್ಲಿ ಒಣಹಾಕಲು ಒಪ್ಪಿಗೆ ಸಿಕ್ಕರೆ ಈ ಬೇಸಿಗೆಯಲ್ಲಿ ಕೆರೆಯ ಉಳಿದ ಎರಡು ಪಾಲನ್ನೂ ತೆಗೆದು ಮುಗಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಸೋಮವಾರಪೇಟೆ ತಾಲ್ಲೂಕಿನ ಒಬ್ಬ ಕಾಫಿ ಬೆಳೆಗಾರ್ತಿ,
ಭಾನುವಾರದ ಎಲ್ಲ ಸಂಗಡಿಗರ ಪರವಾಗಿ